ಕೊನೇ ಸ್ಟಾಪಿನ ಆಚೆ

ನನಗೆ ಸಿಟ್ಟು ಬರಿಸುವ ವಸ್ತುಗಳು ಈ ಲೋಕದಲ್ಲಿ ಬೇಕಾದಷ್ಟಿವೆ. ಆದರೆ ಬಸ್ ಸ್ಟಾಪಿನಷ್ಟು ಮೈ ಉರಿಸುವಂಥದ್ದು ಇನ್ನೊಂದಿಲ್ಲ.

ನಮ್ಮಪ್ಪ ಬಸ್ ಡ್ರೈವರು. ಕೆಲಸಕ್ಕೆ ಸೇರಿದ ದಿನದಿಂದ ರಿಟೈರಾಗುವ ದಿನದವರೆಗೆ ಒಂದೇ ರೂಟು: ರೈಲ್ವೆ ಸ್ಟೇಷನ್ನಿನಿಂದ ಉಪ್ಪಿನ ಗೋದಾಮು, ಗೋದಾಮಿನಿಂದ ಮತ್ತೆ ಸ್ಟೇಷನ್ನು. ಗಾಣದ ಎತ್ತಿಗಾದರೂ ತಾನು ಸುತ್ತಿದ್ದಕ್ಕೆ ಎಣ್ಣೆ ಬಂತು ಅನ್ನುವ ಸಮಾಧಾನವಿರುತ್ತದೆ.

ಗೋದಾಮಿನ ಆಚೆ ಟಾರು ಮುಗಿದು ಮರಳು ದಾರಿ ಶುರುವಾಗುತ್ತದೆ. ಅದು ದಡವೇ ಕಾಣದಂಥ ಒಂದು ಸರೋವರಕ್ಕೆ ಹೋಗುತ್ತದಂತೆ. "ಒಂದಿನ ಅಲ್ಲಿಗೆ ಕರ್ಕೊಂಡು ಹೋಗ್ತೀನಿ" ಎಂದು ಮದುವೆಯಾದ ಹೊಸದರಲ್ಲಿ ಅಪ್ಪ ಅಮ್ಮನಿಗೆ ಮಾತು ಕೊಟ್ಟಿದ್ದ. ಅಮ್ಮ ಅವನಿಗೆ ಊಟದ ಡಬ್ಬಿ ಕೊಡಲು ಗೋದಾಮಿನವರೆಗೆ ಹೋಗುವಳು, ಆ ದಾರಿಯನ್ನು ಕಣ್ಣು ತುಂಬ ನೋಡುವಳು, ಅದೇ ಬಸ್ಸಿನಲ್ಲಿ ವಾಪಸ್ಸು ಬರುವಳು. ನಾನು ಹುಟ್ಟಿ ಮೀಸೆ ಬಂದರೂ ಆ 'ಒಂದಿನ' ಬರಲಿಲ್ಲ.

ಕೊನೆಗೆ ಗಾಡಿ ತಂದವನು ನಾನೇ. ಶಾಲೆಗೆ ಬೆನ್ನು ತಿರುಗಿಸಿದಾಗಿನಿಂದ ಟಯರ್ ಅಂಗಡಿಯಲ್ಲಿದ್ದೇನೆ. ದೇಶ ಸುತ್ತಿ ದಣಿದ ಯಾರೋ ಮಾರಿಹೋದ ಹಳೆಯ ಫೋರ್ ವೀಲ್ ಪಿಕಪ್ಪು ಅಂಗಡಿಯ ಹಿತ್ತಲಲ್ಲಿ ಧೂಳು ತಿನ್ನುತ್ತಿತ್ತು. ಬೆನ್ನ ಮೇಲೆ ಪುಟ್ಟ ಮನೆ: ಹಾಸಿಗೆ, ಗ್ಯಾಸ್ ಒಲೆ, ಕಾಲಲ್ಲಿ ಒತ್ತಿದರೆ ನೀರು ಬರುವ ತೊಟ್ಟಿ. ನದಿಯಲ್ಲಿ ಮುಳುಗಿದರೂ ಎಂಜಿನ್ನು ಉಸಿರಾಡಲಿ ಎಂದು ಪಕ್ಕದಲ್ಲಿ ಆನೆಯ ಸೊಂಡಿಲಿನಂಥ ಕೊಳವೆ ಬೇರೆ. ಟಯರು, ಬ್ರೇಕು, ಹಾಸಿಗೆ, ಎಲ್ಲ ಬದಲಿಸಿ ಮನೆ ಮುಂದೆ ತಂದು ನಿಲ್ಲಿಸಿದೆ. ಓಡಿಸಲು ಮಾತ್ರ ಅಪ್ಪನೇ ಗತಿ. ಟ್ರಾಫಿಕ್ ಪೊಲೀಸನಿಗೆ ನಾನು ನ್ಯಾಯ ಹೇಳಲು ಹೋದ ದಿನವೇ ನನ್ನ ಲೈಸೆನ್ಸು ಹೋಗಿತ್ತು.

ಸರೋವರಕ್ಕೆ ಹೊರಟ ದಿನ ಅಮ್ಮ ಗಾಡಿಯ ಹಿಂದಿನ ಪುಟ್ಟ ಮನೆಯಲ್ಲಿ ಕಿಟಕಿ ಪಕ್ಕ ಕೂತಳು. ನಾನು ಮುಂದೆ, ಅಪ್ಪನ ಪಕ್ಕ. ಮಾರ್ಕೆಟ್ ಹತ್ತಿರ ಗಾಡಿ ನಿಂತಿತು.

"ಯಾಕಪ್ಪಾ ನಿಲ್ಲಿಸ್ದೆ?"

"ಸ್ಟಾಪು."

"ಇದು ಬಸ್ಸಲ್ಲಪ್ಪಾ!"

"ಗೊತ್ತು ಕಣೋ. ಕಾಲಿಗೆ ಗೊತ್ತಿಲ್ಲ."

ಅಷ್ಟರಲ್ಲಿ ಹಿಂದಿನ ಬಾಗಿಲು ತೆರೆದ ಸದ್ದು. "ಓಹೋ, ಡ್ರೈವರಣ್ಣ! ಹೊಸಾ ಬಸ್ಸಾ? ಹಾಸಿಗೆ ಎಲ್ಲಾ ಕೊಟ್ಟಿದ್ದಾರಲ್ಲ!" ಎನ್ನುತ್ತ ಕೋಳಿ ವ್ಯಾಪಾರಿ ಪಂಜರದ ಸಮೇತ ಹತ್ತಿದ್ದ. ನೀರಿನ ಟ್ಯಾಂಕ್ ಸ್ಟಾಪಿನಲ್ಲಿ ಸೂಲಗಿತ್ತಿ ಹತ್ತಿದಳು. ಆಸ್ಪತ್ರೆ ಸ್ಟಾಪಿನಲ್ಲಿ ಒಂದು ಹಿಂಡೇ ನುಗ್ಗಿತು. ನಾನು ಇಳಿದು ಬಾಗಿಲಿಗೆ ಅಡ್ಡ ನಿಂತೆ.

"ಇದು ನಮ್ಮನೆ ಗಾಡಿ! ಇಳೀರಿ ಎಲ್ಲಾ!"

"ಕಂಡಕ್ಟರ್ ಬಾಯಿ ಜೋರಿದೆ" ಎಂದಳು ಸೂಲಗಿತ್ತಿ. "ಹುಟ್ಟೋವಾಗ್ಲೂ ಹೀಗೇ ಅರಚಿತ್ತು ಇದು. ಹಿಡಿದೋಳು ನಾನೇ ತಾನೆ?"

ಎಲ್ಲರೂ ಘೊಳ್ಳೆಂದು ನಕ್ಕರು. ಅಮ್ಮ ಮಾತ್ರ ಒಲೆ ಹಚ್ಚಿ ಅವರಿಗೆಲ್ಲ ಚಹಾ ಮಾಡುತ್ತಿದ್ದಳು. ನನ್ನ ಹೊಸ ಹಾಸಿಗೆಯ ಮೇಲೆ ಕೋಳಿ! ನಾನು ಹಲ್ಲು ಕಡಿಯುತ್ತ ಮುಂದೆ ಹೋಗಿ ಕೂತೆ. ನದಿ ದಾಟಬಲ್ಲ ಗಾಡಿಯನ್ನು ಅಪ್ಪ ರಸ್ತೆಯ ಚಿಕ್ಕ ಗುಂಡಿಯ ಬದಿಯಿಂದ, ಮೊಟ್ಟೆ ಹೊತ್ತವನ ಹಾಗೆ ದಾಟಿಸಿದ.

ಉಪ್ಪಿನ ಗೋದಾಮು ಬಂತು. ಜನರೆಲ್ಲ ಇಳಿದರು. "ಸಂಜೆ ಎಷ್ಟೊತ್ತಿಗಣ್ಣ ವಾಪಸ್ಸು?" ಎಂದು ಕೇಳಿದ ಕೋಳಿಯವನಿಗೆ ಅಪ್ಪ ಸಮಯವನ್ನೂ ಹೇಳಿದ! ಆಮೇಲೆ ಸ್ಟೇರಿಂಗ್ ಪೂರ್ತಿ ತಿರುಗಿಸಿ, ಗಾಡಿಯ ಮೂತಿಯನ್ನು ಊರಿನ ಕಡೆಗೆ ಮಾಡಿ ನಿಲ್ಲಿಸಿದ.

ನನ್ನ ತಲೆ ಸಿಡಿಯಿತು. "ನೀನು ಮನುಷ್ಯನೇನಪ್ಪಾ? ಅವಳು ನಿನ್ನ ಮಾತು ನಂಬ್ಕೊಂಡು ಈ ದಾರಿ ನೋಡ್ತಾ ನೋಡ್ತಾ ಮುದುಕಿಯಾದ್ಳು! ಮರಳಲ್ಲಿ ಹೋಗೋ ಗಾಡಿ ತಂದ್ಕೊಟ್ರೂ ನಿನಗೆ ವಾಪಸ್ಸೇ ಬೇಕಾ?"

ಅಪ್ಪ ಸ್ಟೇರಿಂಗ್ ಬಿಡಲಿಲ್ಲ.

"ಅಲ್ಲಿ ಸ್ಟಾಪೇ ಇಲ್ವಲ್ಲೋ" ಎಂದ, ಸಣ್ಣ ದನಿಯಲ್ಲಿ. "ಎಲ್ಲಿವರೆಗೆ ಅಂತ ಹೋಗೋದು? ನಂಗೆ ಭಯ ಕಣೋ."

ನನಗೆ ಬೈಯಲು ತುಂಬಾ ಇತ್ತು. ಬೈಯದೆ ಮುಂದಿನ ಗಾಜಿನ ಧೂಳು ಒರೆಸತೊಡಗಿದೆ. ಅದಕ್ಕೂ ಸಿಟ್ಟು ಬಂತು.

ಅಮ್ಮ ಇಳಿದು ಬಂದು ನನ್ನ ಬಾಗಿಲು ತೆರೆದಳು. "ನೀನು ಹಿಂದೆ ಹೋಗು. ನಿನ್ನ ಬಾಯಿ ಮುಂದೆ ಎಂಜಿನ್ ಸದ್ದೇ ಕೇಳ್ತಿಲ್ಲ." ನನ್ನ ಜಾಗದಲ್ಲಿ ಕೂತು, ಸೆರಗು ಬಿಗಿದು, ಬೆರಳು ಚಾಚಿದಳು. "ರೀ, ಗಾಡಿ ತಿರುಗಿಸಿ. ಅಲ್ಲೊಂದು ಒಣಮರ ಕಾಣುತ್ತಲ್ಲ? ಅದೇ ಮುಂದಿನ ಸ್ಟಾಪು."

"ಮರ ಹೇಗೆ ಸ್ಟಾಪಾಗುತ್ತೆ?"

"ನಾನು ಹೇಳ್ತಿದ್ದೀನಲ್ಲ, ಅದಕ್ಕೇ ಆಗುತ್ತೆ."

ಅಪ್ಪ ಮರದವರೆಗೆ ಓಡಿಸಿ, ಬದಿಗೆ ತೆಗೆದು, ನಿಲ್ಲಿಸಿದ. ಆಮೇಲೆ ಮುರಿದ ದೋಣಿ ಸ್ಟಾಪು. ಆಮೇಲೆ ಎರಡು ಕತ್ತೆ ಸ್ಟಾಪು. ನಾವು ಹತ್ತಿರ ಹೋಗುವಷ್ಟರಲ್ಲಿ ಕತ್ತೆಗಳು ಓಡಿದವು, ಆದರೂ ಅಪ್ಪ ಅವು ನಿಂತಿದ್ದ ಜಾಗದಲ್ಲೇ ನಿಲ್ಲಿಸಿದ. ಹೊರಡುವಾಗ ಚಕ್ರ ಮರಳಲ್ಲಿ ಗಿರಗಿರ ತಿರುಗಿತು. ನಾನು ಮನೆಗೂ ಕ್ಯಾಬಿನ್ನಿಗೂ ನಡುವಿನ ಕಿಂಡಿಯಲ್ಲಿ ಬಾಯಿಟ್ಟು ಕೂಗಿದೆ: "ಆ ಚಿಕ್ಕ ಗೇರು ಎಳಿ!"

ಅಪ್ಪ ಎಳೆದ. ನಾಲ್ಕೂ ಚಕ್ರಗಳು ಒಟ್ಟಿಗೆ ನೆಲ ಕಚ್ಚಿದವು. ಗಾಡಿ ಎಮ್ಮೆಯಂತೆ ಒಮ್ಮೆ ಮೈ ಕೊಡವಿ ಮೇಲೆದ್ದು ನುಗ್ಗಿತು.

"ಅಬ್ಬಾ!" ಎಂದ ಅಪ್ಪ. ಆ ಮನುಷ್ಯ ಸ್ಟೇರಿಂಗ್ ಹಿಡಿದು ನಗುವುದನ್ನು ನಾನು ನೋಡಿದ್ದು ಅವತ್ತೇ.

"ಆ ಬಂಡೆ ಸ್ಟಾಪು ರೀ" ಎಂದಳು ಅಮ್ಮ. ಬಂಡೆ ಹತ್ತಿರ ಬಂತು. ಪಕ್ಕಕ್ಕೆ ಬಂತು. ಹಿಂದೆ ಹೋಯಿತು.

"ರೀ! ಸ್ಟಾಪು ದಾಟೋಯ್ತು!"

"ಹತ್ತೋರಿಲ್ಲ, ಇಳಿಯೋರಿಲ್ಲ. ಯಾಕೆ ನಿಲ್ಲಿಸ್ಲಿ?"

"ನಾನಿದ್ದೀನಿ ಇಳಿಯೋನು!" ಎಂದು ಅರಚಿದೆ. ಕುಲುಕಾಟಕ್ಕೆ ಪಾತ್ರೆಗಳೆಲ್ಲ ನನ್ನ ತಲೆಯ ಮೇಲೆ ಬಿದ್ದಿದ್ದವು, ಉಳಿದ ಚಹಾ ಅಂಗಿಯೊಳಗೆ ಇಳಿದಿತ್ತು. "ನಿಲ್ಲಿಸಪ್ಪಾ!"

"ಮುಂದಿನ ಸ್ಟಾಪಲ್ಲಿ ಇಳಿ" ಎಂದ ಅಪ್ಪ, ಹಿಂದೆ ತಿರುಗದೆ.

ಅಮ್ಮ ಮುಂದಿನ ಗಾಜಿಗೆ ಮೂಗು ಒತ್ತಿ ಕೂತಿದ್ದಳು. ಮುಂದಿನ ಸ್ಟಾಪು ಯಾವುದೆಂದು ಅವಳು ಹೇಳಲೇ ಇಲ್ಲ.