ಏರದ ದನಿ, ಇಳಿಯದ ದನಿ

ಪಟ್ಟಣದ ಆಸ್ಪತ್ರೆಯಲ್ಲಿ ಕತ್ತಿನ ಗಡ್ಡೆ ತೆಗೆಸಿಕೊಂಡು ಬಂದ ಮೂರನೆಯ ದಿನವೇ ಶಾಲೆಗೆ ಹೋದೆ. ಮನೆಯಲ್ಲಿ ಕೂರಲು ಆಗುತ್ತಿರಲಿಲ್ಲ. ದನಿ ಪೂರ್ತಿ ಹೋಗಿರಲಿಲ್ಲ. ಏರದೆ, ಇಳಿಯದೆ, ಒಂದೇ ಮಟ್ಟದಲ್ಲಿ ಗೊರಗೊರ ಎನ್ನುತ್ತಿತ್ತು.

ದನಿ ಏರಿಳಿದಂತೆ ಅರ್ಥ ಬದಲಾಗುವ ನಮ್ಮ ಗುಡ್ಡದ ಮಾತಿನಲ್ಲಿ ಹಾಗಾದರೆ ಅರ್ಧ ನಾಲಿಗೆಯೇ ಹೋದಂತೆ. ‘ಅಯಾ’ ಎಂಬುದನ್ನು ತಗ್ಗಿಸಿ ಅಂದರೆ ಗೆಣಸು, ಎತ್ತಿ ಅಂದರೆ ಹೇನು, ಎತ್ತಿ ಇಳಿಸಿದರೆ ಅಕ್ಕ.

“ಗೆಣಸು ತಿಂದ್ಕೊಂಡು ಬಂದ್ರಾ?” ಎಂದು ಮಕ್ಕಳನ್ನು ಕೇಳಿದೆ.

ಮುಂದಿನ ಸಾಲಿನ ನೆಮಾ ಬಾಯಿ ಮುಚ್ಚಿಕೊಂಡಳು. “ಹೇನಾ ಟೀಚರ್? ನಮ್ಮನೇಲಿ ಯಾರೂ ತಿನ್ನಲ್ಲ.”

ನಾನೂ ನಕ್ಕೆ. ಮಧ್ಯಾಹ್ನದ ಹೊತ್ತಿಗೆ ನಗು ಬರಲಿಲ್ಲ.

ಮನೆಗೆ ಬಂದು ಅಂಗಳದಲ್ಲಿ ಅತ್ತಿಂದಿತ್ತ ಓಡಾಡತೊಡಗಿದೆ. ಬೂದಿಯಿಂದ ಗೆಣಸು ಕೆದಕುತ್ತಿದ್ದ ಅತ್ತೆ ಅಬಿಸೋ, “ಕೂತ್ಕೊಳೇ. ಹಂದಿ ಹಾಗೆ ಬೇಲಿ ಸುತ್ತಬೇಡ” ಎಂದಳು.

“ಪೇಟೆಯವರ ಪಿಜಿನ್ ಭಾಷೇಲಿ ಪಾಠ ಮಾಡು. ಅದ್ರಲ್ಲಿ ದನಿ ಏರಿಸೋ ಕಾಟ ಇಲ್ಲ” ಎಂದ ಗಂಡ ಸೋಪಾವೆ.

“ಅದನ್ನ ಕಲಿಸೋಕೆ ನಾನೇ ಬೇಕಾ? ನನ್ನ ಇಟ್ಕೊಂಡಿರೋದು ನಮ್ಮ ಮಾತು ಕಲಿಸೋಕೆ.”

ಶಾಲೆ ನೋಡಿಕೊಳ್ಳುವ ಊರ ಹಿರಿಯ ಕೆವರೋ ಸಂಜೆ ಬಂದ. “ಶನಿವಾರ ಮಕ್ಕಳ ಓದು ಕೇಳ್ತೀವಿ, ಟೀಚರಮ್ಮ. ನಿಮ್ಮ ಕೆಲಸದ ವಿಷಯ ಆಮೇಲೆ ನೋಡೋಣ.”

ಮರುದಿನ ಹೊಸ ಸಾಲೊಂದನ್ನು ಹಲಗೆಯ ಮೇಲೆ ಬರೆದೆ: ಅಕ್ಕ ಗೆಣಸು ಅಗೆದಳು. ಬರೆದರೆ ಅಕ್ಕ, ಗೆಣಸು ಎರಡೂ ಒಂದೇ ‘ಅಯಾ’. ನೆಮಾ ತಡವರಿಸಿ, ಹೇನು ಅಕ್ಕನನ್ನು ಅಗೆಯಿತು ಎಂದು ಓದಿದಳು. ಯಾರೂ ನಗಲಿಲ್ಲ, ಯಾರಿಗೂ ಸರಿ ಯಾವುದೆಂದು ಗೊತ್ತಿರಲಿಲ್ಲ. ಇಷ್ಟು ವರ್ಷ ಅವರು ಓದುತ್ತಿದ್ದುದು ಪುಸ್ತಕವನ್ನಲ್ಲ, ನನ್ನ ಬಾಯನ್ನು. ಆ ಪುಸ್ತಕ ಮಾಡುವಾಗ ಅಕ್ಷರದ ಮೇಲೆ ಏರಿಳಿತದ ಗೆರೆ ಬೇಕೇ ಎಂಬ ಮಾತು ಬಂದಿತ್ತು. “ಎಲ್ರಿಗೂ ಗೊತ್ತಿರೋದಕ್ಕೆ ಗೆರೆ ಯಾಕೆ?” ಎಂದವಳು ನಾನೇ.

ಹಲಗೆಯ ಮೇಲೆ ಗೆರೆ ಎಳೆದೆ. ಮೇಲಕ್ಕೆ, ಕೆಳಕ್ಕೆ, ಮೇಲಿಂದ ಕೆಳಕ್ಕೆ. ಗೆರೆಯ ಹಿಂದೆ ನನ್ನ ಕೈ ಹೋದಂತೆ ಮಕ್ಕಳ ದನಿ ಹೋಯಿತು. ಆಮೇಲಿನ ಮೂರು ದಿನ ಇಪ್ಪತ್ತೆರಡು ಪುಸ್ತಕಗಳ ಪುಟಪುಟಕ್ಕೂ ಪೆನ್ನು ಆಡಿಸಿದೆ. ಬೆರಳು ಊದಿಕೊಂಡವು. ಅತ್ತೆ ಊಟ ಕೈಗೆ ಕೊಟ್ಟರೆ ನಿಂತೇ ನುಂಗಿದೆ.

ಶನಿವಾರ ಮಕ್ಕಳು ಎಂದೂ ಕೇಳಿರದ ಪುಟವನ್ನು ಕೆವರೋ ತೆರೆದು ಕೊಟ್ಟ. ನೆಮಾ ಬೆರಳಿಟ್ಟು ಓದಿದಳು. ಕಥೆಯಲ್ಲಿ ಹಂದಿ ಅಳಿಯನ ಮೇಲೆ ಬಿದ್ದ ಕಡೆ, ಕೇಳಲು ಬಂದಿದ್ದ ಮುದುಕಿಯರು ಸೊಂಟ ಹಿಡಿದುಕೊಂಡು ನಕ್ಕರು.

“ಹಾಗಾದ್ರೆ ಟೀಚರ್ ದನಿ ಬೇಕಾಗೇ ಇಲ್ವಲ್ಲ” ಎಂದ ಕೆವರೋ.

“ಗೆರೆ ಎಳೆಯೋಕೆ ನೀನು ಬರ್ತೀಯಾ?” ಎಂದು ಅಬಿಸೋ ಕೇಳಿದಳು. ಅವನು ಅಡಿಕೆ ಉಗಿದು ಪುಸ್ತಕ ಮುಚ್ಚಿದ. ಕೆಲಸ ಉಳಿಯಿತು.

ಮಾರನೆಯ ದಿನ ತೋಟದಲ್ಲಿದ್ದಾಗ ಹಳ್ಳದ ಆಚೆಯಿಂದ ಸೋಪಾವೆ ನನ್ನನ್ನು ಕೂಗಿ ಏನೋ ಕೇಳಿದ. ಉತ್ತರಿಸಲು ಬಾಯಿ ತೆರೆದೆ, ಮುಚ್ಚಿದೆ; ಅಷ್ಟು ದೂರಕ್ಕೆ ಗೆರೆ ಎಳೆದು ತೋರಿಸುವಂತಿರಲಿಲ್ಲ. ಅಗೆಯುವ ಕೋಲನ್ನು ಮಣ್ಣಿಗೆ ಚುಚ್ಚಿ, ನೀರು ದಾಟಿ ಅವನ ಬಳಿಗೇ ನಡೆದೆ.