ಉಸ್ರು ಐತಾ, ಇಲ್ವಾ?

ನನ್ನ ಅಂಗಡಿಗೆ ಬಂದು ಯಾರಾದರೂ ಹೊಸದೆಲ್ಲ ಒಳ್ಳೆಯದು ಅಂದರೆ ನನಗೆ ಮೈ ಉರಿಯುತ್ತದೆ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ತಮಿಳುನಾಡಿಗೆ ಸೇರಿದ ನಮ್ಮ ಕನ್ನಡದ ಊರು ತಾಳವಾಡಿಯ ಬಸ್ ಸ್ಟ್ಯಾಂಡಿನ ಎದುರು ಇಪ್ಪತ್ತಮೂರು ವರ್ಷದಿಂದ ಟೈಪಿಂಗ್ ಅಂಗಡಿ ಇಟ್ಟಿದ್ದೇನೆ. ತಾಲೂಕು ಆಫೀಸಿಗೆ ತಮಿಳಿನಲ್ಲಿ ಅರ್ಜಿ, ಮದುವೆಗೆ ಎರಡೂ ಭಾಷೆಯಲ್ಲಿ ಪತ್ರಿಕೆ, ಸತ್ತವರಿಗೆ ಕಾರ್ಡು, ಎಲ್ಲ ಇಲ್ಲೇ ಆಗುತ್ತದೆ. ವೃಷಭೇಂದ್ರನಿಗೆ ಮೂಗಿನ ತುದಿಯಲ್ಲೇ ಸಿಟ್ಟು ಎಂದು ಊರೆಲ್ಲ ಆಡಿಕೊಳ್ಳುತ್ತದೆ. ಆಡಿಕೊಳ್ಳಲಿ.

ಬೋರ್ಡಿನ ಮೇಲೆ ಹೆಸರು ನನ್ನದು, ಆದರೆ ಅಂಗಡಿ ನಡೆಯುತ್ತಿರುವುದು ನಾಗಮಣಿಯ ಬೆರಳಿನಿಂದ. ಜೀರಹಳ್ಳಿಯ ರೈತರ ಮನೆಯ ಹೆಂಗಸು. ಹತ್ತೊಂಬತ್ತು ವರ್ಷದಿಂದ ಬೆಳಗಿನ ಬಸ್ಸಿಗೆ ಬಂದು ಕೀಬೋರ್ಡಿನ ಮುಂದೆ ಕೂರುತ್ತಾಳೆ. ಕಾಡಂಚಿನ ರಸ್ತೆಗೆ ಆನೆ ಬಂದು ನಿಂತ ದಿನ ಮಾತ್ರ ತಡ. ಇಷ್ಟು ವರ್ಷದಲ್ಲಿ ಅವಳನ್ನು ನಾನು ಒಂದು ಸಲವಾದರೂ ಹೊಗಳಿದ್ದು ನೆನಪಿಲ್ಲ. ಬೈದದ್ದು ಬೇಕಾದಷ್ಟು ನೆನಪಿದೆ.

ಅವಳಿಗೊಂದು ಪದ್ಧತಿ ಇದೆ. ನಮ್ಮ ಸೀಮೆಯವರ ಬಾಯಲ್ಲಿ ಪದದ ಮೊದಲಿನ ‘ಹ’ ನಿಲ್ಲುವುದಿಲ್ಲ. ಹಳ್ಳಿ ಹೋಗಿ ಅಳ್ಳಿ, ಹೊಲ ಹೋಗಿ ಒಲ, ಹಸು ಹೋಗಿ ಅಸು. ಗಿರಾಕಿ ಹೇಳಿದ್ದನ್ನು ಹೇಳಿದ ಹಾಗೇ ಹೊಡೆದರೆ ಓದುವವನು ನಗುತ್ತಾನೆ. ಅದಕ್ಕೇ ನಾಗಮಣಿ ಅನುಮಾನದ ಪದ ಬಂದಾಗೆಲ್ಲ ಕೈ ನಿಲ್ಲಿಸಿ, ಅಂಗೈಯನ್ನು ಬಾಯಿಯ ಮುಂದೆ ಹಿಡಿದು ಊದಿ ತೋರಿಸಿ, "ಉಸ್ರು ಐತಾ, ಇಲ್ವಾ?" ಅಂತ ಕೇಳುತ್ತಾಳೆ. ಅವಳ ಬಾಯಿಗೂ ‘ಹ’ ಬರುವುದಿಲ್ಲ, ಇನ್ನು ಆ ಅಕ್ಷರದ ಹೆಸರು ಹೇಳುವುದೆಲ್ಲಿ ಬಂತು! ಗಿರಾಕಿ ತಲೆ ಕೆರೆದುಕೊಂಡು ಯೋಚಿಸುತ್ತಾನೆ. ಇದೆ ಅಂದರೆ ‘ಹ’ ಹಾಕುತ್ತಾಳೆ, ಇಲ್ಲ ಅಂದರೆ ಇಲ್ಲ. ಉಳಿದ ಮಾತನ್ನು ಅವರು ಆಡಿದ ಹಾಗೇ ಬಿಡುತ್ತಾಳೆ. ಒಂದು ಪದಕ್ಕೆ ಇಷ್ಟು ಹೊತ್ತಾ ಎಂದು ನಾನು ನೂರು ಸಲ ಕೂಗಾಡಿದ್ದೇನೆ.

ಹೋದ ತಿಂಗಳು ಹಳೆಯ ಕಂಪ್ಯೂಟರ್ ಹೊಗೆ ಬಿಟ್ಟು ಸತ್ತಿತು. ಪಕ್ಕದ ಮೊಬೈಲ್ ಅಂಗಡಿಯ ಮನೋಹರ ಹೊಸದೊಂದನ್ನು ತಂದು ಕೂರಿಸಿ, ಹಳೆಯದರ ಡಿಸ್ಕಿನಲ್ಲಿ ಉಳಿದಿದ್ದ ಫೈಲುಗಳನ್ನೆಲ್ಲ ಇದಕ್ಕೆ ತುಂಬಿಸಿದ. ತೆರೆದು ನೋಡಿದರೆ ನಮ್ಮ ಕನ್ನಡದ ಸಾಫ್ಟ್‌ವೇರ್ ಏಳಲೇ ಇಲ್ಲ. ಅದನ್ನು ಮಾಡಿದ ಸಣ್ಣ ಕಂಪನಿ ಬಾಗಿಲು ಹಾಕಿ ಎಷ್ಟೋ ವರ್ಷವಾಗಿತ್ತು.

"ಅಣ್ಣ, ಅದು ಲೆಗಸಿ, ಅಳೇ ಕಾಲದ್ದು," ಅಂದ ಮನೋಹರ. "ಮೊದ್ಲೆಲ್ಲ ಅಳೇ ಸಾಫ್ಟ್‌ವೇರ್ ಓಡ್ಸೋದು ಡೀಫಾಲ್ಟಾಗೇ ಬರ್ತಿತ್ತು. ಆಮೇಲೆ ನಾವಾಗೇ ಆನ್ ಮಾಡ್ಕೋಬೇಕಿತ್ತು. ಈ ಸಿಸ್ಟಮ್ಮಲ್ಲಿ ಅದ್ನೂ ತೆಗ್ದುಬುಟ್ಟವ್ರೆ."

"ಡೀಫಾಲ್ಟ್ ಅಂದ್ರೆ ಏನ್ಲಾ?"

"ನೀವು ಏನೂ ಏಳ್ದೆ ಇದ್ರೆ ಅದು ತಾನಾಗೇ ಏನ್ ಮಾಡ್ತದೋ ಅದು."

"ನನ್ನ ಕೇಳ್ದೆ ತೆಗ್ಯಕ್ಕೆ ಅವ್ರು ಯಾರ್ಲಾ? ಅವ್ರಪ್ಪನ ಮನೆ ಗಂಟಾ?"

"ಉಪಯೋಗ್ಸೋರು ಯಾರೂ ಇಲ್ವಂತೆ ಕಣಣ್ಣ."

"ನಾನಿಲ್ವಾ? ನಾಗಮಣಿ ಇಲ್ವಾ?"

ಪಾಪ, ಅವನೇನು ಮಾಡಿಯಾನು. ನಾಗಮಣಿ ಮಾತ್ರ ಹೊಸ ಕೀಬೋರ್ಡ್ ಕಲಿಯಲು ಕೂತಳು. ನಾಲ್ಕೇ ದಿನದಲ್ಲಿ ಕಲಿತಳು. ಹಳೆಯ ಫೈಲುಗಳನ್ನು ಯಾರೂ ಕೇಳಿಕೊಂಡು ಬರುವುದಿಲ್ಲ ಎಂದು ನಾನೂ ಸುಮ್ಮನಾದೆ.

ಮೂರು ವಾರಕ್ಕೆ ಪವಿತ್ರ ಬಂದಳು.

ಗೆಟ್ಟವಾಡಿಯ ಬಂಗಾರಮ್ಮನ ಮಗಳು. ದಿನಾ ಗಡಿ ದಾಟಿ ಚಾಮರಾಜನಗರದ ಕಡೆ ಹೋಗಿ ಚಿಕ್ಕ ಮಕ್ಕಳಿಗೆ ಪಾಠ ಹೇಳುತ್ತಾಳೆ. ಬಂಗಾರಮ್ಮ ನಮ್ಮವರೇ, ನನಗೆ ಗುರುತಿದ್ದವಳು. ಇಪ್ಪತ್ತಾರು ವರ್ಷದ ಹಿಂದೆ ಕೊಳ್ಳೇಗಾಲದ ಕಡೆಯಿಂದ ಕಂಕುಳಲ್ಲಿ ಕೂಸು ಎತ್ತಿಕೊಂಡು ತನ್ನ ಅಜ್ಜನ ಹೊಲಕ್ಕೆ ಬಂದು, ಅರಿಶಿನ ಬೆಳ್ಳುಳ್ಳಿ ಬೆಳೆದುಕೊಂಡು, ಒಬ್ಬಳೇ ಮಗಳನ್ನು ಸಾಕಿ ದೊಡ್ಡವಳನ್ನಾಗಿ ಮಾಡಿದ ಗಟ್ಟಿಗಿತ್ತಿ. ಅವಳು ತೀರಿಕೊಂಡು ಆರು ದಿನವಾಗಿತ್ತು. ಹನ್ನೊಂದನೆಯ ದಿನದ ಶಿವಗಣಾರಾಧನೆಗೆ ಕಾರ್ಡು ಹೊಡೆಸಬೇಕಿತ್ತು.

ನಾಗಮಣಿ ಪರದೆಯ ಮೇಲೆ ‘ನನ್ನ ಹೆತ್ತ ತಾಯಿ ಬಂಗಾರಮ್ಮನವರು’ ಎಂದು ಹೊಡೆದು ತೋರಿಸಿದಳು. "ಇಂಗೇ ಆಕ್ಲಾ ಕಣವ್ವ?"

ಪವಿತ್ರ ಸೆರಗಿನ ಅಂಚು ಸುತ್ತಿದಳು, ಬಿಚ್ಚಿದಳು. ಆಮೇಲೆ, "ಅದು ಆಕ್ಬೇಕೋ ಬ್ಯಾಡ್ವೋ ನಂಗೇ ಗೊತ್ತಿಲ್ಲ ಅಕ್ಕ," ಅಂದಳು. "ನಾನು ಆರು ವರ್ಸದೋಳಾಗಿದ್ದಾಗ ಇಸ್ಕೂಲಲ್ಲಿ ಒಬ್ಳು, ನೀನು ನಿಮ್ಮವ್ವಂಗೆ ಉಟ್ಟಿದೋಳಲ್ಲ ಅಂದ್ಬುಟ್ಟಿದ್ಳು. ಅವ್ವನ ಕೇಳ್ದೆ. ‘ನಾನೇ ಕಣ ನಿನ್ನ ಎತ್ತೋಳು’ ಅಂದ್ಳು. ಆಮೇಲೆ ಕೇಳಕ್ಕೋಗಿಲ್ಲ. ಆದ್ರೆ ಮನ್ಸಲ್ಲಿ ಕೊರೀತಾನೇ ಇತ್ತು. ಸಾಯೋ ದಿನ ನನ್ ಕೈ ಇಡ್ಕೊಂಡು, ವೃಷಭೇಂದ್ರಪ್ಪನ ಅಂಗಡೀಲಿ ನಿಂಗೊಂದು ಕಾಗ್ದ ಬರ್ಸಿ ಮಡುಗಿವ್ನಿ, ನನ್ ಕಾಲ ಆದ್ಮೇಲೆ ಓದ್ಕೋ ಅಂದ್ಳು. ಅದ ಕೊಡಿ. ಅದ ಓದಿ ಕಾರ್ಡ್ಗೆ ಏಳ್ತೀನಿ."

ಆಗ ನನಗೆ ನೆನಪಾಯಿತು. ಹದಿನಾಲ್ಕು ವರ್ಷದ ಹಿಂದೆ ಬಂಗಾರಮ್ಮ ಬಂದು, ನನ್ನನ್ನು ಟೀ ಕುಡಿಯಲು ಹೊರಗಟ್ಟಿ, ನಾಗಮಣಿಯ ಕೈಲಿ ಏನೋ ಬರೆಸಿದ್ದಳು. ಪ್ರಿಂಟ್ ತೆಗೆಯಲೇ ಬಿಟ್ಟಿರಲಿಲ್ಲ. "ಮನೇಲಿ ಮಡುಗುದ್ರೆ ಇಲಿ ತಿನ್ತದೆ, ಇಲ್ದಿದ್ರೆ ಮಗ್ಳು ಓದ್ತಾಳೆ. ಕಂಪ್ಯೂಟ್ರೊಳ್ಗೇ ಇರ್ಲಿ," ಅಂದಿದ್ದಳು. ಅವಳ ಪ್ರಕಾರ ಕಂಪ್ಯೂಟರಿಗೆ ಇಲಿಯೂ ಇಲ್ಲ, ಸಾವೂ ಇಲ್ಲ.

"ಏನ್ ಬರ್ಸಿದ್ಳು ನೆಪ್ಪೈತಾ?" ನಾಗಮಣಿಯನ್ನು ಕೇಳಿದೆ.

"ಮರ್ತ್ಬುಡು ಅಂತ ಮಾತು ಈಸ್ಕೊಂಡಿದ್ರು. ಮರ್ತೇ ಬುಟ್ಟಿವ್ನಿ."

ಫೈಲ್ ಸಿಕ್ಕಿತು. ತೆರೆದರೆ ಕನ್ನಡದ ಒಂದು ಅಕ್ಷರವಿಲ್ಲ. ಇಂಗ್ಲಿಷ್ ಅಕ್ಷರ, ಡಾಲರು, ಕೊಂಡಿ, ಚುಕ್ಕೆ, ಏನೇನೋ ಗೀಟು. ಸತ್ತ ತಾಯಿ ನನ್ನ ಅಂಗಡಿಯನ್ನು ನಂಬಿ ಇಟ್ಟು ಹೋದ ಮಾತು ಅದು!

ಮನೋಹರನನ್ನು ಕೂಗಿ ಕರೆದೆ. ಅವನು ಇಂಟರ್ನೆಟ್ಟಿನಲ್ಲಿ ಹುಡುಕಿ, ಹಳೆಯ ಕನ್ನಡವನ್ನು ಹೊಸದಕ್ಕೆ ತಿರುಗಿಸುವ ಒಂದು ಯಂತ್ರಕ್ಕೆ ಅದನ್ನು ಹಾಕಿದ. ಅದು ಬೇರೆ ಸಾಫ್ಟ್‌ವೇರಿಗೆ ಮಾಡಿದ್ದು. ಮೊದಲ ಸಾಲು ಒಂದಿಷ್ಟು ಬಂತು, ಉಳಿದದ್ದೆಲ್ಲ ಕಲಸುಮೇಲೋಗರ. ಬಂದ ಸಾಲಿನಲ್ಲೂ ಒಂದು ಅಕ್ಷರದ ಜಾಗದಲ್ಲಿ ಖಾಲಿ ಚೌಕ ಇತ್ತು: ಕೂಸೆ ಪವಿತ್ರ, ನಾನು ನಿನ್ನ ▢ತ್ತೋಳು.

"ಓ, ಇದೇನ್ ಬ್ರಹ್ಮವಿದ್ಯೆನಾ," ಎಂದು ಮನೋಹರ ಚೌಕದ ಜಾಗದಲ್ಲಿ ‘ಹೆ’ ಹೊಡೆದ. ನಮ್ಮೂರಿನ ಯಾರೇ ಆಗಲಿ ಅದನ್ನೇ ಹೊಡೆಯುತ್ತಿದ್ದರು. ಬಾಯಲ್ಲಿ ಎತ್ತೋಳು, ಬರಹದಲ್ಲಿ ಹೆತ್ತೋಳು. ನಮ್ಮ ಕಡೆ ‘ಹ’ ಬಿಟ್ಟುಹೋಗುವುದೇ ಡೀಫಾಲ್ಟು.

ನಾನು ನಿನ್ನ ಹೆತ್ತೋಳು. ಪವಿತ್ರ ಅದನ್ನು ಓದಿ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡು ಅತ್ತಳು. ಸಂತೋಷದ ಅಳು. "ಇಪ್ಪತ್ ವರ್ಸ ಸುಮ್ಸುಮ್ನೆ ಅನ್ಮಾನ ಪಟ್ಟೆನಲ್ಲಾ ಅವ್ವಾ," ಅಂದಳು. ನನ್ನ ಕಣ್ಣೂ ಒದ್ದೆಯಾಯಿತು. ಇಷ್ಟು ಸಾಕು, ಕಾರ್ಡು ಹೊಡಿ ಎಂದು ನಾಗಮಣಿಗೆ ಹೇಳಲು ತಿರುಗಿದೆ.

ನಾಗಮಣಿ ಮೂಲ ಫೈಲನ್ನೇ ನೋಡುತ್ತಿದ್ದಳು. ಆ ಡಾಲರು, ಕೊಂಡಿ, ಗೀಟುಗಳನ್ನು. ತುಟಿ ಮೆಲ್ಲಗೆ ಅಲ್ಲಾಡುತ್ತಿತ್ತು. ಒಂದು ಕೊಂಡಿಯ ಮೇಲೆ ಬೆರಳಿಟ್ಟು ನಿಲ್ಲಿಸಿದಳು.

"ಏನಮ್ಮ, ಅದ ಓದ್ತಿದ್ದೀಯ?" ಅಂದೆ, ತಮಾಷೆಗೆ.

"ಊಂ," ಅಂದಳು.

ಆಮೇಲೆ ಅವಳೇ ಹೇಳಿದಳು. ಮೊದಮೊದಲು ನಮ್ಮ ಫೈಲುಗಳು ಸತ್ಯಮಂಗಲದ ಪ್ರೆಸ್ಸಿಗೆ ಹೋದರೆ ಅಲ್ಲಿ ಕನ್ನಡದ ಫಾಂಟ್ ಇರದೆ ಹೀಗೇ ಕಾಣುತ್ತಿತ್ತಂತೆ. ತಪ್ಪಾದರೆ ನಾನು ಬೈಯುತ್ತೇನೆಂದು, ಅಲ್ಲಿಗೇ ಹೋಗಿ ಗೀಟಿಗೊಂದು ಗೀಟು ಹೊಂದಿಸಿ ಓದುವುದನ್ನು ಕಲಿತಳಂತೆ. ಅಯ್ಯೋ ಶಿವನೆ! ಯಂತ್ರವೇ ಮರೆತ ಲಿಪಿಯನ್ನು ನನ್ನ ಅಂಗಡಿಯ ಮೂಲೆಯಲ್ಲಿ ಕೂತ ಹೆಂಗಸು ಬಾಯಿಪಾಠ ಮಾಡಿಕೊಂಡಿದ್ದಳು. ನನಗೆ ಗೊತ್ತೇ ಇರಲಿಲ್ಲ.

"ಪವಿತ್ರ," ಅಂದಳು ನಾಗಮಣಿ. "ಮನೋಹರ ತಪ್ ಒಡ್ದವ್ನೆ ಕಣವ್ವ. ಇಲ್ನೋಡು, ಈ ಕೊಂಡಿ. ಇದು ಬರೀ ‘ಎ’. ಉಸ್ರು ಇದ್ದಿದ್ರೆ ಏಣಿ ತರ ಗುರ್ತು ಬರ್ಬೇಕಿತ್ತು. ನಾನು ಕೇಳ್ದೆ ಒಡ್ಯೋಳಲ್ಲ. ಈಗ ನೆಪ್ಪಾಯ್ತು, ಅವತ್ತು ನಿಮ್ಮವ್ವನ್ನ ಕೇಳಿವ್ನಿ, ಉಸ್ರು ಐತಾ ಇಲ್ವಾ ಅಂತ. ಇಲ್ಲ ಅಂದವ್ರೆ."

ಬೀದಿಯಲ್ಲಿ ಬಸ್ಸೊಂದು ಹಾರ್ನ್ ಹೊಡೆಯಿತು. ಪವಿತ್ರ ಕಣ್ಣೊರೆಸಿಕೊಂಡು ಸ್ಟೂಲ್ ಎಳೆದು ಪಕ್ಕದಲ್ಲಿ ಕೂತಳು. "ಪೂರ್ತಿ ಓದಕ್ಕ," ಅಂದಳು.

ನಾಗಮಣಿ ಪರದೆಯ ಮೇಲೆ ಬೆರಳಿಟ್ಟು, ಒಂದೊಂದೇ ಗೀಟು ಓದುತ್ತ, ಹೊಸ ಕೀಬೋರ್ಡಿನಲ್ಲಿ ಹೊಡೆಯುತ್ತ ಹೋದಳು. ಒಂದು ಗಂಟೆ ಹಿಡಿಯಿತು. ಕೊನೆಗೆ ಹಾಳೆಯ ಮೇಲೆ ಬಂದದ್ದು ಇದು:

ಕೂಸೆ ಪವಿತ್ರ, ನಾನು ನಿನ್ನ ಎತ್ತೋಳು. ನಿನ್ನ ಹೆತ್ತೋಳು ನನ್ನ ತಂಗಿ ಪರಿಮಳ. ನೀನು ಒಂಬತ್ತು ದಿನದ ಕೂಸಾಗಿದ್ದಾಗ ಜ್ವರ ಬಂದು ಹೋಗ್ಬುಟ್ಟಳು. ನಿಮ್ಮಪ್ಪ ಬ್ಯಾರೆ ಮದುವೆ ಮಾಡ್ಕೊಂಡು ದೂರ ಹೋದ. ನೀನು ತೊಟ್ಲಲ್ಲಿ ಅಳ್ತಿದ್ದೆ, ಯಾರೂ ಎತ್ತಲಿಲ್ಲ, ನಾನು ಎತ್ತಿದೆ. ಅವತ್ತಿಂದ ಇಳಿಸಿಲ್ಲ. ನೀನು ಇಸ್ಕೂಲಿಂದ ಬಂದು, ನೀನು ನನ್ನ ಹೆತ್ತೋಳಾ ಅಂತ ಕೇಳಿದೆ. ನಾನು ಎತ್ತೋಳು ಅಂದೆ. ನಮ್ಮ ಬಾಯಲ್ಲಿ ಎರಡೂ ಒಂದೇ. ನೀನು ಕೇಳಿದ್ದು ಒಂದು, ನಾನು ಹೇಳಿದ್ದು ಒಂದು. ನಿಂಗೆ ಸುಳ್ಳು ಹೇಳೋಕೆ ನಂಗೆ ಆಗಲಿಲ್ಲ, ನಿಜ ಹೇಳೋಕೆ ಧೈರ್ಯ ಬರಲಿಲ್ಲ. ಬರೆದರೆ ಎರಡೂ ಬ್ಯಾರೆ ಅಂತ ಈ ಟೈಪ್ ಮಾಡೋ ಹೆಣ್ಣುಮಗಳು ಈಗ ಹೇಳ್ತು. ಅದಕ್ಕೆ ಬರೆಸಿವ್ನಿ. ನನ್ನ ಬೈಕೋಬ್ಯಾಡ.

ಪವಿತ್ರ ಆ ಹಾಳೆಯನ್ನು ಮೂರು ಸಲ ಓದಿದಳು. ಅಳುತ್ತಾಳೆ, ಎದ್ದು ಹೋಗುತ್ತಾಳೆ, ನಾಗಮಣಿಯ ಮೇಲೆ ರೇಗುತ್ತಾಳೆ ಎಂದು ನಾನು ಹೆದರಿದ್ದೆ. ಅವಳು ನಕ್ಕುಬಿಟ್ಟಳು. ಕಣ್ಣಲ್ಲಿ ನೀರು ಸುರಿಯುತ್ತಲೇ ಇತ್ತು. "ಕಳ್ಳಿ! ಇಪ್ಪತ್ ವರ್ಸ ಎಂಗೆ ಆಟ ಆಡ್ಸವ್ಳೆ ನೋಡಿ," ಅಂದಳು. "ಒಂದಿನಾನೂ ನಂಗೆ ಸುಳ್ಳೇಳ್ಲಿಲ್ಲ ನಮ್ಮವ್ವ."

ಮನೋಹರ ಸದ್ದಿಲ್ಲದೆ ತನ್ನ ಅಂಗಡಿಗೆ ಜಾರಿಕೊಂಡ. ನಾನು ನಾಗಮಣಿಗೆ ಏನಾದರೂ ಹೇಳಬೇಕೆಂದು ಗಂಟಲು ಸರಿಮಾಡಿಕೊಂಡೆ. "ನಿನ್ನಂಥೋಳು ಈ ಸೀಮೇಲೇ ಇಲ್ಲ ಕಣಮ್ಮ," ಅಂದೆ. ಹತ್ತೊಂಬತ್ತು ವರ್ಷಕ್ಕೆ ಮೊದಲ ಸಲ. ಅವಳು ನನಗೆ ಜ್ವರ ಬಂದಿದೆಯೇನೋ ಎಂಬಂತೆ ನೋಡಿ, ಕಾರ್ಡಿನ ಕಡೆ ತಿರುಗಿದಳು.

"ಏಳವ್ವ. ಕಾರ್ಡ್ಗೆ ಏನ್ ಆಕ್ಲಿ?" ಎಂದು ಕೇಳಿ, ಅಂಗೈಯನ್ನು ಬಾಯಿಯ ಮುಂದೆ ಹಿಡಿದು ಊದಿದಳು. "ಉಸ್ರು ಐತಾ, ಇಲ್ವಾ?"

"ಇಲ್ಲ ಅಕ್ಕ," ಅಂದಳು ಪವಿತ್ರ. "ಅವ್ವ ಏಳ್ದಂಗೇ ಆಕು."

ಕಾರ್ಡು ಅಚ್ಚಾಯಿತು. ‘ನನ್ನ ಎತ್ತೋಳು ಬಂಗಾರಮ್ಮನವರ ಶಿವಗಣಾರಾಧನೆಗೆ ತಾವೆಲ್ಲರೂ ದಯಮಾಡಿಸಬೇಕು.’ ಕಟ್ಟು ಕಟ್ಟುವ ಮೊದಲೇ ಟೀ ಅಂಗಡಿಯ ನಂಜುಂಡಸ್ವಾಮಿ ಒಂದನ್ನು ಎತ್ತಿಕೊಂಡು ಓದಿ ಕಿಸಕ್ಕನೆ ನಕ್ಕ. "ಏನ್ ವೃಷಭೇಂದ್ರಪ್ಪ, ಒಸ ಕಂಪ್ಯೂಟ್ರು ಬಂದ್ಮೇಲೆ ನಿಮ್ಮಂಗ್ಡೀಲೂ ‘ಹ’ ಬುಟ್ಟೋಯ್ತಾ?"

"ಬುಟ್ಟೋಗಿಲ್ಲ ಕಣ್ಲಾ!" ಎಂದು ಕೂಗಿ, ಕಾರ್ಡನ್ನು ಅವನ ಕೈಯಿಂದ ಕಿತ್ತುಕೊಂಡೆ. "ಕೇಳೇ ಬುಟ್ಟವ್ರೆ."