ಕರ್ನಲ್ ಪಕ್ಕದ ಖಾಲಿ ಜಾಗ

ನನ್ನ ಹೆಂಡತಿ ಮಾತಾಡಿ ಆರು ದಿನವಾಗಿತ್ತು. ಸಿಟ್ಟಲ್ಲ. ಸಿಟ್ಟಾದರೆ ನನಗೆ ಅಭ್ಯಾಸವಿದೆ, ಎರಡನೇ ದಿನಕ್ಕೆ ಇಳಿಯುತ್ತದೆ.

ಮೂರು ವರ್ಷದ ಹಿಂದೆ ಗಂಟಲಿನ ಆಪರೇಷನ್ ಆಗಿ ಅವಳ ಧ್ವನಿ ಹೋಯಿತು. ಅದಕ್ಕೆ ಮೊದಲು ಸಿಕ್ಕ ಎರಡು ವಾರದಲ್ಲಿ ಅವಳು ಮುನ್ನೂರು ಮಾತುಗಳನ್ನು ರೆಕಾರ್ಡ್ ಮಾಡಿ ಒಂದು ಧ್ವನಿ ಕಾರ್ಡಿಗೆ ತುಂಬಿ, ಗುಂಡಿಗಳಿರುವ ಪುಟ್ಟ ಪೆಟ್ಟಿಗೆಯೊಂದಕ್ಕೆ ಹಾಕಿದಳು. ಆ ಕಾರ್ಡನ್ನು ಓದಿಸುವ ಪ್ರೋಗ್ರಾಮನ್ನೂ, ಅಂದರೆ ಡ್ರೈವರನ್ನೂ, ತಾನೇ ಬರೆದಳು. ಗುಂಡಿ ಒತ್ತಿದರೆ ಪೆಟ್ಟಿಗೆ ಅವಳ ಧ್ವನಿಯಲ್ಲೇ ಮಾತಾಡುತ್ತದೆ. 'ಟೀ ಆಯ್ತು, ಬನ್ನಿ.' 'ಕಿಟಕಿ ಹಾಕ್ರಿ.' 'ಇರ್ಲಿ ಬಿಡಿ.' ಈ ಕೊನೆಯದರ ಗುಂಡಿಯ ಮೇಲಿನ ಅಕ್ಷರ ಸವೆದೇ ಹೋಗಿದೆ. 'ಕೇಳಿಸ್ಲಿಲ್ಲ, ಇನ್ನೊಂದ್ಸಲ ಹೇಳಿ' ಎಂತಲೂ ಒಂದು ಗುಂಡಿ ಇದೆ.

"ಹೋಗ್ತಿರೋದು ಗಂಟಲು ಮಾರಾಯ್ತಿ, ಕಿವಿಯಲ್ಲ. ಇದ್ಯಾಕೆ?" ಎಂದು ಆಗ ಕೇಳಿದ್ದೆ.

"ಬೇಕಾಗತ್ತೆ" ಎಂದಿದ್ದಳು. ಅವಳು ಅದನ್ನು ಒಮ್ಮೆಯೂ ಒತ್ತಿದ್ದು ನಾನು ಕಂಡಿಲ್ಲ.

ಹೋದ ವಾರ ಪೆಟ್ಟಿಗೆಯ ಮುಖ್ಯ ಬೋರ್ಡ್ ಸುಟ್ಟುಹೋಯಿತು. ಡ್ರೈವರಿನ ಮೂಲ ಕೋಡ್ ಅದರ ಜೊತೆಗೇ ಹೋಯಿತು. ಉಳಿದದ್ದು ಧ್ವನಿ ಕಾರ್ಡ್, ಅದರಲ್ಲಿದ್ದ ಡ್ರೈವರಿನ ಸಿದ್ಧ ರೂಪ, ಅಂದರೆ ಮಾಡ್ಯೂಲ್ ಫೈಲ್. ಮತ್ತೆ ಬರೆಯೋಣವೆಂದರೆ ಕಾರ್ಡ್ ಮಾಡಿದವರು ಎಂದೋ ಅಂಗಡಿ ಮುಚ್ಚಿದ್ದರು, ಕೈಪಿಡಿಯೂ ಇಲ್ಲ. ನಾನು ಹೊಸ ಬೋರ್ಡ್ ತಂದು, ಇಡೀ ಯಂತ್ರವನ್ನು ನಡೆಸುವ ಮೂಲ ತಂತ್ರಾಂಶ ಕರ್ನಲ್, ಅದರಲ್ಲೂ ನಮ್ಮ ಆಫೀಸಿನದೇ ಹೊಸದು ಹಾಕಿ, "ಅರ್ಧ ಗಂಟೆ ಕೆಲಸ" ಎಂದು ಜಂಬ ಕೊಚ್ಚಿಕೊಂಡೆ. ಕರ್ನಲ್ ಅವಳ ಮಾಡ್ಯೂಲನ್ನು ಸೇರಿಸಿಕೊಳ್ಳಲೇ ಇಲ್ಲ. ದೂರ ಹೆಚ್ಚಾಯಿತು, ಎಟುಕುತ್ತಿಲ್ಲ ಎಂದು ಒಂದು ಸಾಲು ಬರೆದು ಸುಮ್ಮನಾಯಿತು.

ಆ ಸಾಲನ್ನು ಬರೆದವನೂ ನಾನೇ.

ವಿಷಯ ಇಷ್ಟು. ಮಾಡ್ಯೂಲ್ ಆಮೇಲೆ ಬಂದು ಸೇರುವ ತುಣುಕು, ಅದಕ್ಕೆ ಮೆಮೊರಿಯಲ್ಲಿ ಜಾಗ ಬೇಕು. ಅದು ಹೆಜ್ಜೆಹೆಜ್ಜೆಗೂ ಕರ್ನಲನ್ನು ಕರೆಯಬೇಕು, ಆದರೆ ಆ ಕರೆ ಇಂತಿಷ್ಟೇ ದೂರ ಹೋಗುತ್ತದೆ. ಈಗಿನ ಮಾಡ್ಯೂಲುಗಳಲ್ಲಿ ದೂರದಿಂದಲೂ ಕರೆಯಲು ಸೇತುವೆಯಂಥ ಕೋಡ್ ಇರುತ್ತದೆ. ಹಳೆಯವಕ್ಕೆ ಇಲ್ಲ, ಅವಳದಕ್ಕೂ ಇಲ್ಲ, ಅವಕ್ಕೆ ಕರ್ನಲ್ ಪಕ್ಕದಲ್ಲೇ ಜಾಗವಾಗಬೇಕು. ಹೊಸ ಬೋರ್ಡಿನಲ್ಲಿ ಪರದೆ, ಕ್ಯಾಮೆರಾ, ವೈಫೈಗಳ ಮಾಡ್ಯೂಲುಗಳು, ಎಲ್ಲ ದೊಡ್ಡ ಹೊಟ್ಟೆಯವು, ಮೊದಲೇ ಬಂದು ಪಕ್ಕದ ಜಾಗವನ್ನೆಲ್ಲ ತುಂಬಿಬಿಡುತ್ತವೆ. ಮೊದಲು ಬಂದವರಿಗೆ ಹತ್ತಿರದ ಜಾಗ ಎಂಬ ನಿಯಮ ನನ್ನದು.

ಅವಳೂ ಅದೇ ಆಫೀಸಿನಲ್ಲಿದ್ದಳು. ಆ ನಿಯಮದ ಮೀಟಿಂಗಿನಲ್ಲಿ ಎದ್ದು, "ಪಕ್ಕದಲ್ಲಿ ಸ್ವಲ್ಪ ಜಾಗ ಖಾಲಿ ಬಿಡೋಣ, ಸೇತುವೆ ಇಲ್ದಿರೋ ಹಳೇವು ಬಂದ್ರೆ ಇರ್ಲಿ" ಎಂದಳು. ನಾನು ಹತ್ತು ಜನರ ಮುಂದೆ, "ಬಾರದ ನೆಂಟರಿಗೆ ಹಾಸಿಗೆ ಹಾಸ್ತೀರಾ ಮೇಡಂ?" ಎಂದೆ. ಎಲ್ಲರೂ ನಕ್ಕರು. ಅವಳು ಕೂತಳು. ಮನೆಗೆ ಬರುವಾಗ ದಾರಿಯಲ್ಲಿ ಬೇಜಾರಾಯ್ತಾ ಎಂದು ಕೇಳಿದ್ದಕ್ಕೆ "ಇರ್ಲಿ ಬಿಡಿ" ಎಂದಳು, ಆಗ ಸ್ವಂತ ಗಂಟಲಿನಿಂದ.

ಆರು ದಿನ ಅವಳು ಚೀಟಿ ಬರೆದಳು. ಉಪ್ಪು ತನ್ನಿ. ಪರವಾಗಿಲ್ಲ. ಮಲಗ್ತೀನಿ. ನಾನು ಒಬ್ಬನೇ ವಟವಟ ಮಾತಾಡಿದೆ. ನನ್ನ ಧ್ವನಿ ಇಷ್ಟು ಬೇಸರದ್ದೆಂದು ಈವರೆಗೆ ಗೊತ್ತಿರಲಿಲ್ಲ. ಅವಳು ಎದುರಿಗೇ ಕೂತು ಬಟ್ಟೆ ಮಡಿಸುತ್ತಿದ್ದರೂ ನಾನು ಒಂಟಿಯಾಗಿದ್ದೆ, ಅಳು ಬರುವಷ್ಟು. ಅವಳ ಮಾಡ್ಯೂಲನ್ನೇ ಮೊದಲು ಕರೆಸಿ ನೋಡಿದೆ. ಕಾರ್ಡ್ ಎಚ್ಚರವಾಗುವುದೇ ನಿಧಾನ, ಅಷ್ಟರಲ್ಲಿ ಪರದೆಯವನು ಬಂದು ಕೂತಿರುತ್ತಿದ್ದ. ಮಾಡಬೇಕಾದ್ದು ಏನೆಂದು ನನಗೆ ಎರಡನೇ ದಿನವೇ ಹೊಳೆದಿತ್ತು. ಉಳಿದ ನಾಲ್ಕು ದಿನ ಬೇರೆ ದಾರಿ ಹುಡುಕಿದೆ. ಸಿಗಲಿಲ್ಲ.

ಏಳನೇ ದಿನ ಬೆಳಿಗ್ಗೆ ಕೂತು ಬರೆದೆ, ಇಪ್ಪತ್ತೆರಡು ಸಾಲು ಕೋಡ್. ಪಕ್ಕದಲ್ಲಿ ಸ್ವಲ್ಪ ಜಾಗ ಖಾಲಿ ಬಿಡು, ಸೇತುವೆ ಇಲ್ಲದವರು ಬಂದರೆ ಮಾತ್ರ ಕೊಡು. ನಮ್ಮಲ್ಲಿ ಪ್ರತಿ ಬದಲಾವಣೆಯ ಕೆಳಗೂ ಬರೆದವರು ಯಾರು, ಸೂಚಿಸಿದವರು ಯಾರು ಎಂದು ಹಾಕುವ ಪದ್ಧತಿ. 'ಸೂಚಿಸಿದವರು' ಎಂಬಲ್ಲಿ ಅವಳ ಹೆಸರು ಹಾಕಿದೆ. ಆಫೀಸಿನ ಎಲ್ಲರಿಗೂ ಹೋಗುವ ಇಮೇಲ್ ಪಟ್ಟಿಗೆ ಕಳಿಸಿದೆ, ಅವತ್ತು ನಕ್ಕ ಹತ್ತು ಜನರೂ ಓದಲಿ ಎಂದು. ಅವಳು ಯಾವಾಗ ಬಂದು ಬೆನ್ನ ಹಿಂದೆ ನಿಂತಿದ್ದಳೋ, ಪರದೆ ನೋಡುತ್ತಿದ್ದಳು.

ಪೆಟ್ಟಿಗೆ ಮತ್ತೆ ಶುರುವಾಯಿತು. ಮಾಡ್ಯೂಲ್ ಸೇರಿತು. ಹಸಿರು ದೀಪ ಹತ್ತಿತು.

ಅವಳು ಪೆಟ್ಟಿಗೆಯನ್ನು ಮಡಿಲಲ್ಲಿಟ್ಟುಕೊಂಡಳು. ನಾನು ನೆಲ ನೋಡುತ್ತಾ, ಬಾಯೊಳಗೇ, "ಅವತ್ತು ನೀನು ಹೇಳಿದ್ದೇ ಸರಿ" ಎಂದೆ.

ಅವಳ ಬೆರಳು ಆ ಸವೆದ ಗುಂಡಿಯ ಮೇಲೆ ಹೋಗಿ ನಿಂತಿತು. ಆಮೇಲೆ ಅದನ್ನು ಬಿಟ್ಟು, ಅಕ್ಷರ ಹೊಸದಾಗೇ ಉಳಿದಿದ್ದ ಇನ್ನೊಂದನ್ನು ಒತ್ತಿತು.

"ಕೇಳಿಸ್ಲಿಲ್ಲ, ಇನ್ನೊಂದ್ಸಲ ಹೇಳಿ."

ಅವಳದೇ ಧ್ವನಿ, ಆಪರೇಷನ್ನಿಗೆ ಮುಂಚಿನದು. ನಾನು ತಲೆಯೆತ್ತಿ, ಗಟ್ಟಿಯಾಗಿ ಇನ್ನೊಂದು ಸಲ ಹೇಳಿದೆ.